1.5–2.5ರಲ್ಲಿ ಸೋತ ಮರುದಿನ ಲೀಚೆಸ್ ಸ್ಟಡಿ: ಯಾವುದಕ್ಕೆ ಆಗಿಬರುತ್ತದೆ, ಎಲ್ಲಿ ಕೈಕೊಡುತ್ತದೆ

ನಾಲ್ವರು ನಾಲ್ವರೆದುರು ನಾಲ್ಕು ಬೋರ್ಡಿನಲ್ಲಿ ಆಡುವ ಚೆಸ್ ಪಂದ್ಯವನ್ನು 1.5–2.5ರಲ್ಲಿ ಸೋತ ತಂಡ ಹುಡುಕಬೇಕಿರುವುದು ಬರೀ ಅರ್ಧ ಅಂಕ. ಅದು ಸಿಕ್ಕಿದ್ದರೆ ಪಂದ್ಯ ಸಮ, ಲೀಗ್ ಪಟ್ಟಿಯಲ್ಲಿ ಒಂದು ಮ್ಯಾಚ್ ಪಾಯಿಂಟ್. ಸಾಮಾನ್ಯವಾಗಿ ಅಪವಾದ ಬರುವುದು ಕೊನೆಗೆ ಆಟ ಮುಗಿಸಿದವರ ತಲೆಗೆ. ಉಳಿದ ಮೂವರೂ ಸುತ್ತ ನಿಂತು ನೋಡಿದ್ದು ಅದೊಂದೇ ಆಟವನ್ನಲ್ಲವೇ! ಒಂದೂವರೆ ಗಂಟೆ ಮೊದಲು ಮೂರನೇ ಬೋರ್ಡಿನಲ್ಲಿ ಸದ್ದಿಲ್ಲದೆ ಕೈಕುಲುಕಿ ಮುಗಿಸಿದ ಡ್ರಾ ಯಾರ ನೆನಪಿನಲ್ಲೂ ಇರುವುದಿಲ್ಲ.

ಇಂಥ ಸೋಲನ್ನು ಬಿಚ್ಚಿ ನೋಡಲು ಹವ್ಯಾಸಿ ತಂಡಗಳು ಬಳಸುವ ಸಾಧನಗಳಲ್ಲಿ ಲೀಚೆಸ್‌ನ 'ಸ್ಟಡಿ' ಒಂದು: ಆಟಗಳನ್ನು ಏರಿಸಿ, ಹಲವರು ಸೇರಿ ಟಿಪ್ಪಣಿ ಬರೆಯುವ ಪುಟ. ಲೀಚೆಸ್ ಎಂಬುದು ಫ್ರಾನ್ಸಿನ ಟಿಬೋ ದ್ಯೂಪ್ಲೆಸಿ 2010ರಲ್ಲಿ ಶುರು ಮಾಡಿದ ಚೆಸ್ ತಾಣ. ಜಾಹೀರಾತಿಲ್ಲ, ಚಂದಾ ಇಲ್ಲ, ದೇಣಿಗೆಯಲ್ಲೇ ನಡೆಯುತ್ತದೆ. ಒಳಗಿರುವ ಎಂಜಿನ್, ಅಂದರೆ ನಡೆಗಳನ್ನು ಅಳೆಯುವ ಪ್ರೋಗ್ರಾಂ, ಸ್ಟಾಕ್‌ಫಿಶ್. ಆನ್‌ಲೈನ್ ಆಡುವ ಭಾಗದ ಬಗ್ಗೆ ಇಲ್ಲಿ ಹೇಳುವುದಿಲ್ಲ. ಬೋರ್ಡಿನ ಮುಂದೆ ಕೂತು ಆಡಿ, ಕಾಗದದ ಮೇಲೆ ಬರೆದುಕೊಂಡು ಬಂದ ನಾಲ್ಕು ಆಟಗಳನ್ನು ತಂಡವೊಂದು ಒಟ್ಟಿಗೆ ಪರೀಕ್ಷಿಸಲು ಸ್ಟಡಿ ಎಷ್ಟು ನೆರವಾಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಒಂದೊಂದು ಬೋರ್ಡನ್ನು ಬಿಡಿಬಿಡಿಯಾಗಿ ನೋಡಲು ಬಿಟ್ಟಿ ಸಾಧನಗಳಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಪಂದ್ಯ ಎಂಬುದೊಂದು ಇದೆ ಎಂಬುದೇ ಇದಕ್ಕೆ ಗೊತ್ತಿಲ್ಲ. ಆ ಭಾಗವನ್ನು ನೀವೇ ಕಟ್ಟಿಕೊಳ್ಳಬೇಕು.

ಮೊದಲು ಸೆಟ್ಟಿಂಗ್. ಹೊಸ ಸ್ಟಡಿ ತೆರೆದಾಗ 'ವಿಸಿಬಿಲಿಟಿ' ಏನಾಗಿದೆ ಎಂದು ನೋಡಿ, 'ಇನ್ವೈಟ್ ಓನ್ಲಿ'ಗೆ ಬದಲಿಸಿ. ಪಬ್ಲಿಕ್ ಬಿಟ್ಟರೆ ನಿಮ್ಮ ಎರಡನೇ ಬೋರ್ಡಿನವರಿಗೆ ಯಾವ ಓಪನಿಂಗ್‌ನಲ್ಲಿ ಕಾಲು ನಡುಗುತ್ತದೆ ಎಂಬ ಟಿಪ್ಪಣಿ ಮುಂದಿನ ಸುತ್ತಿನ ಎದುರಾಳಿಗೂ ಸಿಗುತ್ತದೆ. ನಾಲ್ವರನ್ನೂ ಸದಸ್ಯರಾಗಿ ಸೇರಿಸಿ 'ಕಾಂಟ್ರಿಬ್ಯೂಟರ್' ಮಾಡಿ. ಇಲ್ಲವಾದರೆ ನೋಡಬಹುದೇ ಹೊರತು ಬರೆಯಲಾಗದು. ಅದೇ ಪೆಟ್ಟಿಗೆಯಲ್ಲಿ 'ಕಂಪ್ಯೂಟರ್ ಅನಾಲಿಸಿಸ್' ಎಂಬ ಸಾಲಿದೆ. ಅದನ್ನು 'ನೋಬಡಿ'ಗೆ ಇಡಿ. ಇಡೀ ಸಾಧನದಲ್ಲಿ ನಮಗೆ ಅತ್ಯಂತ ಉಪಯುಕ್ತ ಎನಿಸಿದ ಸ್ವಿಚ್ ಇದು, ಬಳಸುವವರು ಮಾತ್ರ ಕಡಿಮೆ. ಎಂಜಿನ್ ಮೊದಲ ಕ್ಷಣದಿಂದಲೇ ತೆರೆದಿದ್ದರೆ ಆಡಿದವರು ತಾವು ಅಲ್ಲಿ ಏನು ಯೋಚಿಸಿದ್ದರು ಎಂಬುದನ್ನು ಬರೆಯುವುದೇ ಇಲ್ಲ. ಅಂಕಿ ನೋಡಿದ ಕೂಡಲೇ "ಹೌದು, ಇದು ನನಗೂ ಕಂಡಿತ್ತು" ಎನ್ನುತ್ತಾರೆ. ಮೊದಲ ಸುತ್ತಿನ ಟಿಪ್ಪಣಿ ಪೂರ್ತಿಯಾಗಿ ಎಂಜಿನ್ ಇಲ್ಲದೆ ಆಗಲಿ. ಯಾವ ನಡೆಗೆ ಎಷ್ಟು ನಿಮಿಷ ಕಳೆದರು, ಎದುರಾಳಿಯ ಯಾವ ನಡೆಗೆ ಹೆದರಿದರು ಎಂಬುದನ್ನು ಆಯಾ ನಡೆಯ ಕೆಳಗೇ ಬರೆಯಲಿ. ಆಮೇಲೆ ಸ್ವಿಚ್ ಬದಲಿಸಿದರಾಯಿತು.

ಒಂದು ಸ್ಟಡಿಯಲ್ಲಿ 64 ಚಾಪ್ಟರ್‌ಗಳಿಗೆ ಜಾಗವಿದೆ. ಬೋರ್ಡಿಗೊಂದರಂತೆ ನಾಲ್ಕು ಚಾಪ್ಟರ್, ಪಂದ್ಯದ ಒಟ್ಟು ಲೆಕ್ಕಕ್ಕೆ ಐದನೆಯದು ಖಾಲಿ. ಪಂದ್ಯಕ್ಕೆ ಐದರಂತೆ ಹಿಡಿದರೆ ಹನ್ನೆರಡು ಪಂದ್ಯಗಳು ಒಂದೇ ಸ್ಟಡಿಯಲ್ಲಿ ಹಿಡಿಯುತ್ತವೆ. ಚಿಕ್ಕ ಲೀಗ್ ಒಂದಕ್ಕೆ ಧಾರಾಳ.

ಕಾಗದದಿಂದ ನಡೆಗಳನ್ನು ಏರಿಸುವುದು ಬೇಸರದ ಕೆಲಸ, ಎಡವುವುದೂ ಅಲ್ಲೇ. ನಲವತ್ತು ನಡೆಯ ಆಟಕ್ಕೆ ಹತ್ತು ನಿಮಿಷ ಸಾಕು, ಅಕ್ಷರ ಓದಲು ಬಂದರೆ. ತಪ್ಪು ಎಲ್ಲಿದೆಯೋ ಅಲ್ಲೇ ಅದು ಗೊತ್ತಾಗುವುದಿಲ್ಲ. ಎರಡು ಕುದುರೆಗಳೂ ಒಂದೇ ಮನೆಗೆ ಹೋಗಬಹುದಾದಾಗ ಯಾವ ಕುದುರೆ ಎಂದು ಬರೆಯದೆ ಬಿಟ್ಟಿದ್ದರೆ, ಏಳೆಂಟು ನಡೆ ಮುಂದೆ ಹೋದ ಮೇಲೆ ಬೋರ್ಡು "ಈ ನಡೆ ಆಗದು" ಎಂದು ನಿಂತುಬಿಡುತ್ತದೆ. ಆಗ ಹಿಂದೆ ಹೋಗಿ ಇನ್ನೊಂದು ಕುದುರೆಯನ್ನು ಇಟ್ಟರೆ ಅದು ಉಪಸಾಲಾಗಿ ಸೇರುತ್ತದೆ. ಆ ನಡೆಯ ಮೇಲೆ ರೈಟ್ ಕ್ಲಿಕ್ ಮಾಡಿ 'ಮೇಕ್ ಮೇನ್ ಲೈನ್' ಒತ್ತಿ, ಹಳೆಯದನ್ನು 'ಡಿಲೀಟ್ ಫ್ರಮ್ ಹಿಯರ್' ಕೊಟ್ಟು ತೆಗೆಯಿರಿ. ಎದುರಾಳಿ ತಂಡದ ಹಾಳೆಯ ಫೋಟೋ ಒಂದು ಕೈಯಲ್ಲಿದ್ದರೆ ಅರ್ಧ ಕಷ್ಟ ತಪ್ಪುತ್ತದೆ. ನಡೆಗೆ 30 ಸೆಕೆಂಡ್ ಸೇರುವ ಆಟದಲ್ಲಿ ಕೊನೆಯವರೆಗೂ ಬರೆಯಲೇಬೇಕು ಎಂಬುದು ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮ. ಅದಕ್ಕಿಂತ ಕಡಿಮೆ ಸೇರುವ ಲೀಗ್‌ಗಳಲ್ಲಿ ಗಡಿಯಾರ ಐದು ನಿಮಿಷಕ್ಕಿಂತ ಕೆಳಗಿಳಿದ ಮೇಲೆ ಬರೆಯುವುದು ಕಡ್ಡಾಯವಲ್ಲ. ಹಾಗಾಗಿ ಪಂದ್ಯ ಕೈತಪ್ಪಿದ ಆ ಹತ್ತು ಹದಿನೈದು ನಡೆಗಳೇ ಹಾಳೆಯಲ್ಲಿ ಇರುವುದಿಲ್ಲ. ಅವನ್ನು ಅದೇ ದಿನ ಸಂಜೆ ಇಬ್ಬರೂ ಕೂತು ನೆನಪಿಸಿಕೊಳ್ಳದಿದ್ದರೆ ಮರುದಿನಕ್ಕೆ ಸಿಗುವುದಿಲ್ಲ.

ಹಾಗೆಂದು ಆಟ ಬೇಗ ಮುಗಿಸಿದವರು ಸಭಾಂಗಣದಲ್ಲೇ ಕೂತು ಫೋನಿನಲ್ಲಿ ಏರಿಸಲು ಹೋಗಬಾರದು. ಆಟ ಮುಗಿಸಿದವರು ನಿಯಮದ ಪ್ರಕಾರ ಪ್ರೇಕ್ಷಕರು. ಅವರ ಕೈಯಲ್ಲಿ ಎಂಜಿನ್ ತೆರೆದ ಫೋನ್ ಕಂಡರೆ, ಇನ್ನೂ ಆಡುತ್ತಿರುವ ತಮ್ಮವರ ಆಟಕ್ಕೇ ಸಂಚಕಾರ.

ಹಾಳೆಯ ಮೇಲೆ ನಡೆಗಳ ಜೊತೆ ಇನ್ನೆರಡು ಸಂಗತಿ ಇದ್ದರೆ ಮಾತ್ರ ಮುಂದಿನ ಕೆಲಸ ಸಾಧ್ಯ: ಗಡಿಯಾರದ ಸಮಯ ಮತ್ತು ಡ್ರಾ ಪ್ರಸ್ತಾಪದ ಗುರುತು. ಸಮಯ ಬರೆದುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಡ್ರಾ ಪ್ರಸ್ತಾಪವನ್ನಂತೂ ಕಂಸದೊಳಗೆ ಸಮ ಚಿಹ್ನೆ ಹಾಕಿ ಇಬ್ಬರೂ ಬರೆಯಲೇಬೇಕು. ಪ್ರತಿ ನಡೆಗೂ ಸಮಯ ಬರೆಯುವುದು ಆಗದ ಮಾತು. ಐದು ನಡೆಗೊಮ್ಮೆ ತಮ್ಮದು, ಎದುರಾಳಿಯದು ಎರಡನ್ನೂ ಬರೆದರೆ ಸಾಕು. ಪಿಜಿಎನ್ ಕಡತದಲ್ಲಿ (ಚೆಸ್ ಆಟದ ನಡೆಗಳನ್ನು ಬರೆದಿಡುವ ಕಡತ) ನಡೆಯ ಪಕ್ಕ ಗಡಿಯಾರದ ಟ್ಯಾಗ್ ಇದ್ದರೆ ಆಮದು ಮಾಡಿದಾಗ ಸ್ಟಡಿ ಅದನ್ನು ಗುರುತಿಸಿ ಬೋರ್ಡಿನ ಪಕ್ಕ ಗಡಿಯಾರವನ್ನೇ ತೋರಿಸುತ್ತದೆ. ಕೈಯಿಂದ ಏರಿಸಿದ ಆಟಕ್ಕೆ ಈ ಅನುಕೂಲವಿಲ್ಲ. ಸಮಯವನ್ನು ಟಿಪ್ಪಣಿಯಾಗಿ ಬರೆದಿಡುವುದೇ ಸುಲಭ.

ಇನ್ನು ಎಂಜಿನ್. ಸರ್ವರ್ ವಿಶ್ಲೇಷಣೆ ಕೇಳಿದರೆ ನಡೆಗಳ ಮೇಲೆ ಮೂರು ದರ್ಜೆಯ ಗುರುತು ಬೀಳುತ್ತದೆ: ಸಣ್ಣ ಲೋಪ, ತಪ್ಪು, ಮಹಾತಪ್ಪು. ಇವು ನೇರವಾಗಿ ಸ್ಟಾಕ್‌ಫಿಶ್‌ನ ಅಂಕಿಯಿಂದ (ಒಂದು ಕಾಲಾಳಿನಷ್ಟು ಮೇಲುಗೈ ಎಂದರೆ 1) ಬರುವುದಿಲ್ಲ. ಆ ಅಂಕಿಯನ್ನು ಮೊದಲು ಗೆಲುವಿನ ಶೇಕಡಾವಾರಿಗೆ ಬದಲಿಸಿ, ಒಂದು ನಡೆಯಿಂದ ಅದು ಸುಮಾರು 5 ಅಂಶ ಕುಸಿದರೆ ಲೋಪ, 10 ಕುಸಿದರೆ ತಪ್ಪು, 15 ಕುಸಿದರೆ ಮಹಾತಪ್ಪು ಎಂದು ಲೆಕ್ಕ. ಸಮಸ್ಥಿತಿಯಿಂದ ಒಂದು ಕಾಲಾಳಿನಷ್ಟು ಹಿಂದೆ ಬಿದ್ದರೆ 50ರಿಂದ 41ಕ್ಕೆ ಇಳಿಯುತ್ತದೆ. ಲೋಪದ ಗುರುತು ಬೀಳುತ್ತದೆ. ಅರ್ಧ ಕಾಲಾಳಿನಷ್ಟು ಹಿಂದೆ ಬಿದ್ದರೆ 50ರಿಂದ 45ರ ಆಸುಪಾಸು, ಗುರುತೇ ಇಲ್ಲ. ಹವ್ಯಾಸಿ ಆಟಗಳಲ್ಲಿ ಸೋಲು ಬರುವುದೇ ಹೀಗೆ: ಅರ್ಧ ಅರ್ಧ ಕಾಲಾಳಿನಷ್ಟು ನಾಲ್ಕು ಸಲ ಜಾರಿ, ಐದನೇ ಸಲ ಆನೆ ಹೋಗುತ್ತದೆ. ಗುರುತು ಬೀಳುವುದು ಐದನೆಯದಕ್ಕೆ ಮಾತ್ರ. ಆದ್ದರಿಂದ ಕೆಂಪು ಚುಕ್ಕೆಗಳನ್ನು ಬಿಟ್ಟು ಕೆಳಗಿನ ನಕ್ಷೆಯ ಗೆರೆ ನೋಡಿ. ಅದು ಎಲ್ಲಿಂದ ಇಳಿಜಾರು ಹಿಡಿಯಿತೋ ಆ ನಡೆಯ ಗಡಿಯಾರ ನೋಡಿ. ಇನ್ನೊಂದು ಮಾತು. ಆ ಶೇಕಡಾವಾರಿನ ಸೂತ್ರ 2300 ರೇಟಿಂಗ್‌ನವರ ಆಟಗಳ ಮೇಲೆ ಕಟ್ಟಿದ್ದು ಎಂದು ಲೀಚೆಸ್ಸೇ ಹೇಳುತ್ತದೆ. 1500ರ ಆಟಗಾರನಿಗೆ ಒಂದು ಕಾಲಾಳು ಕಡಿಮೆ ಎಂಬುದು ಅಷ್ಟು ದೊಡ್ಡ ಕಷ್ಟವಲ್ಲ, ಒಂದು ಕಾಲಾಳು ಹೆಚ್ಚು ಎಂಬುದು ಅಷ್ಟು ದೊಡ್ಡ ಭರವಸೆಯೂ ಅಲ್ಲ.

ಎಂಜಿನ್ ಮೋಸ ಮಾಡುವ ಇನ್ನೊಂದು ಜಾಗ ಕೊನೆಯ ಬೋರ್ಡಿನ ಆನೆ ಎಂಡ್‌ಗೇಮ್. ಅಂಕಿ 0.0 ಎಂದಿರುತ್ತದೆ, ನೋಡಿದವರು "ಸಮ ಇದ್ದದ್ದನ್ನು ಹಾಳು ಮಾಡಿದ" ಎನ್ನುತ್ತಾರೆ. ಸೆಟ್ಟಿಂಗ್‌ನಲ್ಲಿ ಎಂಜಿನ್ ಸಾಲುಗಳನ್ನು ಒಂದರಿಂದ ಮೂರಕ್ಕೆ ಏರಿಸಿ ನೋಡಿ. ಮೊದಲ ಸಾಲು 0.0, ಎರಡನೆಯದು ನಾಲ್ಕು ಅಂಕ ಕೆಳಗೆ, ಮೂರನೆಯದು ಇನ್ನೂ ಕೆಳಗೆ ಎಂದಿದ್ದರೆ ಉಳಿಯಲು ಇದ್ದದ್ದು ಒಂದೇ ನಡೆ. ಗಡಿಯಾರದಲ್ಲಿ 40 ಸೆಕೆಂಡ್ ಇದ್ದವರಿಗೆ ಅಂಥ ಆರು ಸ್ಥಿತಿಗಳು ಸಾಲಾಗಿ ಬಂದರೆ, ಅಂಕಿ ಏನೇ ಹೇಳಲಿ, ಆ ಆಟ ಆಗಲೇ ಸೋತಿತ್ತು. ಕಾಯಿಗಳು ರಾಜರೂ ಸೇರಿ ಏಳಕ್ಕೆ ಇಳಿದ ಮೇಲೆ, ಅಂದರೆ ಆನೆ ಮತ್ತು ಎರಡು ಕಾಲಾಳಿಗೆದುರಾಗಿ ಆನೆ ಮತ್ತು ಒಂದು ಕಾಲಾಳು ಎಂಬಷ್ಟಕ್ಕೆ ಬಂದ ಮೇಲೆ, ಊಹೆಯೇ ಬೇಡ. ಆರಂಭದ ನಡೆಗಳ ಅಂಕಿಅಂಶ ತೋರಿಸುವ ಓಪನಿಂಗ್ ಎಕ್ಸ್‌ಪ್ಲೋರರ್ ತೆರೆದರೆ ಅದೇ ಪೆಟ್ಟಿಗೆ ಸಿಜಿಜಿ ಟೇಬಲ್‌ಬೇಸ್ (ಕೆಲವೇ ಕಾಯಿ ಉಳಿದ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿ) ಆಗಿ ಬದಲಾಗಿ, ಪ್ರತಿ ನಡೆಗೂ ಗೆಲುವು, ಡ್ರಾ, ಸೋಲು ಎಂದು ಖಚಿತವಾಗಿ ಹೇಳುತ್ತದೆ. 50 ನಡೆಗಳ ನಿಯಮದಿಂದ ಕೈತಪ್ಪುವ ಗೆಲುವನ್ನೂ ಬೇರೆಯಾಗಿ ತೋರಿಸುತ್ತದೆ. ಒಂದು ಕಾಲಾಳು ಕಡಿಮೆಯಿದ್ದು ಕಾಯುವವರು ಫಿಲಿಡೋರ್ ಎಂಬ ಪ್ರಸಿದ್ಧ ಡ್ರಾ ಸ್ಥಿತಿಯಲ್ಲಿ ಎಡವುವ ಜಾಗ ಬಹುಪಾಲು ಒಂದೇ: ಎದುರಾಳಿಯ ಕಾಲಾಳು ಮುಂದೆ ಬರುವವರೆಗೆ ಆನೆಯನ್ನು ಮೂರನೇ ಸಾಲಿನಲ್ಲಿ ಕಾವಲಿಗೆ ಇಡಬೇಕು, ಬಂದ ಮೇಲೆ ಎದುರಾಳಿ ರಾಜನ ಹಿಂದಕ್ಕೆ ಓಡಿಸಿ ಚೆಕ್ ಕೊಡಬೇಕು. ಗಾಬರಿಯಲ್ಲಿ ಮೊದಲೇ ಹಿಂದಕ್ಕೆ ಓಡಿಸುತ್ತಾರೆ. ಟೇಬಲ್‌ಬೇಸ್ ಪಟ್ಟಿಯಲ್ಲಿ 'ಡ್ರಾ' ಎಂಬುದು 'ಸೋಲು' ಎಂದು ಬದಲಾಗುವ ನಡೆ ಕಣ್ಣಿಗೆ ರಾಚುತ್ತದೆ.

ಇಷ್ಟೂ ಬೋರ್ಡಿನ ಮಟ್ಟದ ಕೆಲಸ. ಇಲ್ಲಿಯವರೆಗೆ ಲೀಚೆಸ್‌ಗೆ ಹೆಚ್ಚಿನ ದೂರಿಲ್ಲ. ಪಂದ್ಯದ ಮಟ್ಟಕ್ಕೆ ಬಂದಾಗ ಕೊರತೆ ಶುರು.

60 ನಿಮಿಷ ಮತ್ತು ನಡೆಗೆ 30 ಸೆಕೆಂಡ್ ಇರುವ ಒಂದು ಪಂದ್ಯವನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಮೂರನೇ ಬೋರ್ಡಿನಲ್ಲಿ ನಮ್ಮವರು 18ನೇ ನಡೆಯಲ್ಲಿ ಡ್ರಾ ಒಪ್ಪಿದರು. ಎಂಜಿನ್ ಲೆಕ್ಕದಲ್ಲಿ ನಮಗೆ 0.3 ಮೇಲುಗೈ, ಶೇಕಡಾ 53. ಡ್ರಾಗೆ ಕೈಕುಲುಕುವುದು ನಡೆಯೇ ಅಲ್ಲವಾದ್ದರಿಂದ ಅದಕ್ಕೆ ಗುರುತು ಬೀಳುವ ಪ್ರಶ್ನೆಯೇ ಇಲ್ಲ. ಆ ಚಾಪ್ಟರ್ ಹಸಿರು ಹಸಿರಾಗಿ, ಯಾವ ತಪ್ಪೂ ಇಲ್ಲದೆ ಮುಗಿಯುತ್ತದೆ. ಆದರೆ ಆ ಹೊತ್ತಿಗೆ ಎರಡನೇ ಬೋರ್ಡಿನಲ್ಲಿ ನಾವು 1.8 ಹಿಂದಿದ್ದೆವೇ, ಅಥವಾ ಅದು ಹಾಳಾದದ್ದು ಡ್ರಾ ಆದ ಮೇಲೆಯೇ? ಹಿಂದೆಯೇ ಇದ್ದೆವು ಎಂದಾದರೆ ಆ ಡ್ರಾ ಪಂದ್ಯದ ತಪ್ಪು. ಆಮೇಲೆ ಎಂದಾದರೆ ಅದು ಸರಿಯಾದ ಡ್ರಾ. ಒಂದೇ ಕೈಕುಲುಕಿಗೆ ಎರಡು ತೀರ್ಪು. ಯಾವುದೆಂದು ಹೇಳಬೇಕಾದರೆ ನಾಲ್ಕೂ ಬೋರ್ಡುಗಳನ್ನು ಒಂದೇ ಗಡಿಯಾರದ ಮೇಲೆ ತರಬೇಕು. ಸ್ಟಡಿಯಲ್ಲಿ 'ಮಲ್ಟಿಬೋರ್ಡ್' ಎಂಬ ನೋಟವಿದೆ, ಎಲ್ಲ ಚಾಪ್ಟರ್‌ಗಳನ್ನೂ ಒಟ್ಟಿಗೆ ತೋರಿಸುತ್ತದೆ. ಆದರೆ ಅದಕ್ಕೆ ನಡೆಗಳ ಕ್ರಮ ಗೊತ್ತು, ಗಂಟೆ ಗೊತ್ತಿಲ್ಲ. "ಮಧ್ಯಾಹ್ನ ಮೂರೂವರೆಗೆ ನಾಲ್ಕೂ ಬೋರ್ಡು ಹೇಗಿದ್ದವು ತೋರಿಸು" ಎಂದು ಕೇಳಲು ಅದರಲ್ಲಿ ದಾರಿಯಿಲ್ಲ.

ಅದಕ್ಕೊಂದು ಸರಳ ಲೆಕ್ಕವಿದೆ. ಆಟ ಶುರುವಾಗಿ ಎಷ್ಟು ನಿಮಿಷ ಆಯಿತು ಎಂದರೆ, ಇಬ್ಬರಿಗೂ ಕೊಟ್ಟ ಒಟ್ಟು ಸಮಯದಿಂದ ಇಬ್ಬರ ಗಡಿಯಾರದಲ್ಲೂ ಉಳಿದದ್ದನ್ನು ಕಳೆಯುವುದು. 60 ನಿಮಿಷ, 30 ಸೆಕೆಂಡಿನ ಆಟದಲ್ಲಿ 120ಕ್ಕೆ ನಡೆಗಳ ಸಂಖ್ಯೆಯನ್ನು ಹಾಗೇ ಕೂಡಿಸಿದರೆ ಕೊಟ್ಟ ಸಮಯ ಸಿಗುತ್ತದೆ, ಏಕೆಂದರೆ ಒಂದೊಂದು ಜೋಡಿ ನಡೆಗೂ ಒಟ್ಟು ಒಂದು ನಿಮಿಷ ಸೇರುತ್ತದೆ. 18ನೇ ನಡೆಗೆ 138. ಇಬ್ಬರದೂ ಸೇರಿ 48 ಉಳಿದಿದ್ದರೆ ಆಟ ಶುರುವಾಗಿ 90 ನಿಮಿಷ. ಎರಡನೇ ಬೋರ್ಡಿನಲ್ಲಿ 24ನೇ ನಡೆಗೆ ನಮ್ಮವರ ಬಳಿ 9, ಎದುರಾಳಿ ಬಳಿ 45 ಇದ್ದರೆ 144ರಿಂದ 54 ಕಳೆದು ಮತ್ತೆ 90. ಅಂದರೆ ಮೂರರಲ್ಲಿ ಕೈಕುಲುಕುವಾಗ ಎರಡರಲ್ಲಿ 24ನೇ ನಡೆ ನಡೆಯುತ್ತಿತ್ತು. ಮೊದಲ ನಡೆಗೂ ಮುನ್ನವೇ 30 ಸೆಕೆಂಡ್ ಸೇರಿಸುವ ಗಡಿಯಾರವಾದರೆ ಒಂದು ನಿಮಿಷದ ವ್ಯತ್ಯಾಸ ಬರುತ್ತದೆ. ಈ ಕೆಲಸಕ್ಕೆ ಅದು ಲೆಕ್ಕಕ್ಕಿಲ್ಲ. ಎಕ್ಸೆಲ್ ಹಾಳೆಯಲ್ಲಿ ಹದಿನೈದು ನಿಮಿಷಕ್ಕೊಂದು ಅಡ್ಡಸಾಲು, ಬೋರ್ಡಿಗೊಂದು ಕಂಬಸಾಲು ಹಾಕಿ, ಪ್ರತಿ ಮನೆಯಲ್ಲಿ ನಡೆಯ ಸಂಖ್ಯೆ, ಎಂಜಿನ್ ಅಂಕಿ, ನಮ್ಮ ಉಳಿದ ನಿಮಿಷ ಬರೆದರೆ ಪಂದ್ಯ ಕಣ್ಣಮುಂದೆ ಬರುತ್ತದೆ. ತಯಾರಾದ ಹಾಳೆಯನ್ನು ಐದನೇ ಚಾಪ್ಟರಿನ ಟಿಪ್ಪಣಿಯಲ್ಲಿ ನಾಲ್ಕೈದು ಸಾಲಾಗಿ ಬರೆದಿಡಿ.

ಉದಾಹರಣೆಯ ಪಂದ್ಯದಲ್ಲೇ 90ನೇ ನಿಮಿಷದ ಸಾಲನ್ನು ತುಂಬಿ ನೋಡಿ. ಒಂದನೇ ಬೋರ್ಡು 0.9 ಮೇಲೆ, ಶೇಕಡಾ 58; ಎರಡು 1.8 ಕೆಳಗೆ, 34, ಮೂರು 53, ನಾಲ್ಕು ಸರಿಸಮ, 50. ಕೂಡಿದರೆ 1.95 ಅಂಕ. ಮೂರನೆಯದನ್ನು ಡ್ರಾ ಮಾಡಿದ ಮೇಲೆ 1.92. ಮೊತ್ತ ಅಲುಗಾಡಲೇ ಇಲ್ಲ! ಆದರೆ ಈಗ ಪಂದ್ಯ ಗೆಲ್ಲಲು ಉಳಿದ ಮೂರರಲ್ಲಿ ಎರಡು ಅಂಕ ಬೇಕು, ಆ ಮೂರರಲ್ಲಿ ಒಂದು ಮುಳುಗುತ್ತಿರುವ ದೋಣಿ. ಸಮ ಮಾಡಿಕೊಳ್ಳಲೂ ಒಂದೂವರೆ ಬೇಕು. ಭಾರವೆಲ್ಲ ಒಂದು ಮತ್ತು ನಾಲ್ಕನೇ ಬೋರ್ಡಿನ ಮೇಲೆ ಬಿತ್ತು. ಒಂದನೆಯವರು ಗೆದ್ದುಕೊಟ್ಟರು, ನಾಲ್ಕನೆಯವರು ಡ್ರಾ ಮಾಡಿದ್ದರೂ ಪಂದ್ಯ ಸಮವಾಗುತ್ತಿತ್ತು, ಗೆಲುವಿಗೆ ಎಳೆದು ಆನೆ ಎಂಡ್‌ಗೇಮಿನಲ್ಲಿ ಸೋತರು. ಬೈಗುಳ ಬಿದ್ದದ್ದು ಅವರಿಗೆ.

ಇದು ಹವ್ಯಾಸಿಗಳ ಕಥೆ ಮಾತ್ರವಲ್ಲ. 2022ರ ಚೆನ್ನೈ ಒಲಿಂಪಿಯಾಡಿನ ಹತ್ತನೇ ಸುತ್ತಿನಲ್ಲಿ ಭಾರತದ ಎರಡನೇ ತಂಡ ಉಜ್ಬೇಕಿಸ್ತಾನದೊಂದಿಗೆ 2–2ರಲ್ಲಿ ನಿಂತಿತು. ಮೊದಲ ಎಂಟು ಆಟಗಳನ್ನೂ ಗೆದ್ದಿದ್ದ ಗುಕೇಶ್, ಅಬ್ದುಸತ್ತೊರೊವ್ ಎದುರು ಮೇಲುಗೈಯಿದ್ದ ಆಟದಲ್ಲಿ ಸಮಯದ ಒತ್ತಡಕ್ಕೆ ಸಿಕ್ಕಿ ಸೋತರು. ಉಜ್ಬೇಕಿಸ್ತಾನ ಚಿನ್ನ ಗೆದ್ದಿತು, ಭಾರತದ ಎರಡನೇ ತಂಡ ಕಂಚಿಗೆ ಇಳಿಯಿತು. ಗಡಿಯಾರದ ಟ್ಯಾಗ್ ಇರುವ ಇಂಥ ನೇರಪ್ರಸಾರದ ಪಂದ್ಯವೊಂದರ ನಾಲ್ಕೂ ಆಟಗಳನ್ನು ಸ್ಟಡಿಗೆ ತಂದು ಮೇಲಿನ ಹಾಳೆಯನ್ನು ಒಮ್ಮೆ ಕಟ್ಟಿ ನೋಡುವುದು ಒಳ್ಳೆಯ ಅಭ್ಯಾಸ. ಸಮಯ ಬರೆದುಕೊಂಡಿಲ್ಲವಲ್ಲ ಎಂಬ ತಲೆನೋವು ಅಲ್ಲಿರುವುದಿಲ್ಲ.

ಓಪನಿಂಗ್ ಎಕ್ಸ್‌ಪ್ಲೋರರ್ ಬಗ್ಗೆ ಚುಟುಕಾಗಿ: 'ಮಾಸ್ಟರ್ಸ್' ಹಾಳೆಗಿಂತ ಹವ್ಯಾಸಿಗಳಿಗೆ 'ಲೀಚೆಸ್' ಹಾಳೆಯೇ ಮೇಲು. ರೇಟಿಂಗ್‌ನ ಗುಂಪು, ಆಟದ ವೇಗ ಎರಡನ್ನೂ ನಿಮ್ಮ ಮಟ್ಟಕ್ಕೆ ಹೊಂದಿಸಿದರೆ ಎದುರಿಗೆ ನಿಜಕ್ಕೂ ಬರುವ ನಡೆಗಳು ಕಾಣುತ್ತವೆ. 'ಪ್ಲೇಯರ್' ಹಾಳೆಯಲ್ಲಿ ಎದುರಾಳಿಯ ಲೀಚೆಸ್ ಹೆಸರು ಹಾಕಿ ಮುಂದಿನ ಸುತ್ತಿಗೆ ಸಿದ್ಧವಾಗಬಹುದು, ಅವರೂ ನಿಮ್ಮದನ್ನು ಹಾಕುತ್ತಾರೆ ಎಂಬ ಅರಿವಿದ್ದರೆ ಸರಿ.

ನಾಲ್ವರು ಒಟ್ಟಿಗೆ ಕೂತಾಗ ತಪ್ಪದೆ ಆಗುವ ಅವಾಂತರವೂ ಒಂದಿದೆ. ಬೋರ್ಡಿನ ಕೆಳಗೆ 'ರೆಕ್', 'ಸಿಂಕ್' ಎಂಬ ಎರಡು ಗುಂಡಿಗಳಿವೆ. ಸಿಂಕ್ ಇದ್ದರೆ ಒಬ್ಬರು ನಡೆ ಬದಲಿಸಿದಾಗ ಎಲ್ಲರ ಪರದೆಯೂ ಜೊತೆಗೇ ಓಡುತ್ತದೆ. ರೆಕ್ ಇದ್ದರೆ ಸುಮ್ಮನೆ ಆಡಿಸಿ ನೋಡಿದ ಪ್ರತಿ ನಡೆಯೂ ಉಪಸಾಲಾಗಿ ಉಳಿಯುತ್ತದೆ. ಇಬ್ಬರು ಒಟ್ಟಿಗೆ ಕೈಯಾಡಿಸಿದರೆ ಅರ್ಧ ಗಂಟೆಯಲ್ಲಿ ಚಾಪ್ಟರ್ ಮುಳ್ಳುಪೊದೆ. ಒಬ್ಬರಿಗೆ ಮಾತ್ರ ರೆಕ್ ಇರಲಿ. ಅಳಿಸಿದ ಚಾಪ್ಟರ್ ಮರಳಿ ಬರುವುದಿಲ್ಲ, ಆದ್ದರಿಂದ ದಿನದ ಕೊನೆಗೆ ಇಡೀ ಸ್ಟಡಿಯ ಪಿಜಿಎನ್ ಇಳಿಸಿಟ್ಟುಕೊಳ್ಳಿ. ಏರಿಸುವ ಕೆಲಸ ಲ್ಯಾಪ್‌ಟಾಪಿನಲ್ಲೇ ಆಗಲಿ. ಫೋನಿನಲ್ಲಿ ಬೆರಳು ಪಕ್ಕದ ಮನೆಗೆ ಜಾರುತ್ತದೆ, ಎಂಜಿನ್ ಓಡಿಸಿದರೆ ಬಿಸಿಯಾಗಿ ಬ್ಯಾಟರಿ ಇಳಿಯುತ್ತದೆ.

ಐದನೇ ಚಾಪ್ಟರಿನ ಹಾಳೆಗೆ ಇನ್ನೊಂದು ಕಂಬಸಾಲು ಸೇರಿಸಿ: ಕ್ಯಾಪ್ಟನ್ ಆ ಹೊತ್ತಿಗೆ ಎಲ್ಲಿದ್ದರು. ಫಿಡೆ ನಿಯಮದಂತೆ ತಂಡದ ಆಟಗಾರನಿಗೆ "ಡ್ರಾ ಕೇಳು", "ಡ್ರಾ ಒಪ್ಪಿಕೋ", "ಆಟ ಬಿಟ್ಟುಕೊಡು" ಎಂದಷ್ಟೇ ಹೇಳುವ ಹಕ್ಕು ಕ್ಯಾಪ್ಟನ್‌ಗಿದೆ. ಆಟಗಾರನೇ ಕೇಳಿದರೆ ಹೌದು, ಅಲ್ಲ, ನಿನಗೆ ಬಿಟ್ಟದ್ದು ಎನ್ನಬಹುದು. ಬೋರ್ಡಿನ ಮೇಲಿನ ಸ್ಥಿತಿಯ ಬಗ್ಗೆ ಒಂದಕ್ಷರ ಆಡುವಂತಿಲ್ಲ. ಉಳಿದ ಸಹ ಆಟಗಾರರಿಗೆ ಆ ಹಕ್ಕೂ ಇಲ್ಲ. ಹವ್ಯಾಸಿ ಲೀಗ್‌ನಲ್ಲಿ ಕ್ಯಾಪ್ಟನ್ ಎಂದರೆ ನಾಲ್ವರಲ್ಲಿ ಒಬ್ಬರು. ಮೇಲಿನ ಪಂದ್ಯದಲ್ಲಿ ಅವರು ಎರಡನೇ ಬೋರ್ಡಿನಲ್ಲಿದ್ದರು ಎಂದುಕೊಳ್ಳಿ: 24ನೇ ನಡೆ, ಕೈಯಲ್ಲಿ 9 ನಿಮಿಷ, ಸ್ಥಿತಿ 1.8 ಕೆಳಗೆ. ಮೂರನೇ ಬೋರ್ಡಿನವರು ಎದ್ದು ಬಂದು "ಡ್ರಾ ಕೊಡುತ್ತಿದ್ದಾರೆ, ಒಪ್ಪಲೇ?" ಎಂದು ಕೇಳಿದರು, ಕ್ಯಾಪ್ಟನ್ ತಲೆ ಎತ್ತದೆ "ನಿನಗೆ ಬಿಟ್ಟದ್ದು" ಎಂದರು.